ಅರ್ಧಕ್ಕೆ ನಿಂತ ಒಂದು ಮಾತು: ಅರಾಕಿಸ್ ಗ್ರಹದ ಭವಿಷ್ಯವಾಣಿಯ ಪ್ರಕರಣ

ಹೊಸದಾಗಿ ಬಂದ ಒಡತಿಯ ಎದುರು ಮನೆಗೆಲಸದ ಮುದುಕಿ ನಿಂತಿದ್ದಾಳೆ. ಕುಪ್ಪಸದೊಳಗಿನಿಂದ ಹಾಲುಬಿಳುಪಿನ ಕತ್ತಿಯೊಂದನ್ನು ಹೊರಗೆಳೆದು, ಇದರ ಅರ್ಥ ಗೊತ್ತೇ ಎಂದು ಕೇಳುತ್ತಾಳೆ. ಒಡತಿಗೆ ಕತ್ತಿಯ ಹೆಸರು ಗೊತ್ತು, ಅರ್ಥ ಗೊತ್ತಿಲ್ಲ. ಗೊತ್ತಿಲ್ಲವೆಂದರೆ ಆ ಕತ್ತಿ ತನ್ನ ಎದೆಗೇ ಇಳಿಯಬಹುದು ಎಂಬುದಷ್ಟೇ ಸ್ಪಷ್ಟವಾಗಿದೆ. ಆದ್ದರಿಂದ ‘ಮೇಕರ್ ಆಫ್ ಡೆತ್’ ಎನ್ನಲು, ಅಂದರೆ ಸಾವನ್ನು ಉಂಟುಮಾಡುವಂಥದ್ದು ಎನ್ನಲು, ಬಾಯಿ ತೆರೆಯುತ್ತಾಳೆ. ಮೊದಲ ಪದ ಬಿದ್ದದ್ದೇ ತಡ, ಮುದುಕಿ ಚೀರುತ್ತಾಳೆ. ಅದು ಅಳುವೋ ಹರ್ಷವೋ ಹೇಳಲಾಗದಂಥ ದನಿ. ಆ ಮರುಭೂಮಿಯ ಜನ ‘ಮೇಕರ್’ ಎನ್ನುವುದು ತಾವು ಪೂಜಿಸುವ ದೈತ್ಯ ಮರಳುಹುಳುವಿಗೆ. ಕತ್ತಿಯನ್ನು ಮಾಡಿರುವುದು ಆ ಹುಳುವಿನ ಹಲ್ಲಿನಿಂದ. ಮುದುಕಿ ತಲೆಮಾರುಗಳಿಂದ ಕೇಳಿಕೊಂಡು ಬಂದ ಭವಿಷ್ಯವಾಣಿ ಅಲ್ಲಿಗೆ, ಅವಳ ಮಟ್ಟಿಗೆ, ನಿಜವಾಯಿತು.

ಕನ್ನಡಿಗರಾದ ನಮಗೆ ಇಲ್ಲಿ ಒಂದು ತಮಾಷೆ ಕಾಣುತ್ತದೆ. ಆ ಒಡತಿ ಕನ್ನಡದಲ್ಲಿ ಮಾತನಾಡಿದ್ದರೆ ಮೊದಲು ಬಾಯಿಂದ ಬೀಳುತ್ತಿದ್ದುದು ‘ಸಾವಿನ’ ಎಂಬ ಪದ. ಕರ್ತೃ ಕೊನೆಗೆ ಬರುತ್ತಿದ್ದ. ಮುದುಕಿ ಅಷ್ಟು ಹೊತ್ತು ಕಾಯುತ್ತಿದ್ದಳೋ ಇಲ್ಲವೋ. ಒಂದು ಸಾಮ್ರಾಜ್ಯದ ಹಣೆಬರಹ ಪದಕ್ರಮದ ಮೇಲೆ ನಿಂತಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ.

ಈ ಸನ್ನಿವೇಶ ಇರುವುದು ಅಮೆರಿಕದ ಫ್ರಾಂಕ್ ಹರ್ಬರ್ಟ್ 1965ರಲ್ಲಿ ಪ್ರಕಟಿಸಿದ ‘ಡ್ಯೂನ್’ ಕಾದಂಬರಿಯಲ್ಲಿ. ಒಡತಿಯ ಹೆಸರು ಜೆಸಿಕಾ, ಅಟ್ರೀಡೀಸ್ ಮನೆತನದ ಡ್ಯೂಕ್ ಲೀಟೊನ ಸಂಗಾತಿ. ಮುದುಕಿ ಶಡೌಟ್ ಮೇಪ್ಸ್. ಶಡೌಟ್ ಎಂದರೆ ಬಾವಿಯಿಂದ ನೀರು ಸೇದುವವಳು. ನೀರೇ ಇಲ್ಲದ ಗ್ರಹದಲ್ಲಿ ಅದು ಗೌರವದ ಬಿರುದು. ಕಲ್ಪಿತ ಲೋಕಗಳಲ್ಲಿ ಭವಿಷ್ಯವಾಣಿಗಳಿಗೆ ಬರವಿಲ್ಲ, ಹೆಚ್ಚಿನವು ನಾಯಕನನ್ನು ಸಿಂಹಾಸನದವರೆಗೆ ಕೈಹಿಡಿದು ನಡೆಸುವ ಮಾರ್ಗಸೂಚಿಗಳು. ಅರಾಕಿಸ್ ಗ್ರಹದ ಪ್ರಕರಣ ಬೇರೆ. ಇಲ್ಲಿ ಭವಿಷ್ಯವಾಣಿ ಸುಳ್ಳು ಎಂಬುದನ್ನು ಓದುಗನಿಂದ ಎಲ್ಲಿಯೂ ಮುಚ್ಚಿಟ್ಟಿಲ್ಲ. ಅದನ್ನು ಯಾರು ನೆಟ್ಟರು, ಏಕೆ ನೆಟ್ಟರು ಎಂಬುದು ಮೊದಲೇ ತಿಳಿಯುತ್ತದೆ. ಆದರೂ ಅದು ನೆರವೇರುತ್ತದೆ. ಹೇಗೆ ಎಂಬುದೇ ಇಲ್ಲಿನ ಪ್ರಶ್ನೆ. ಕಥೆಯ ಕೊನೆಯವರೆಗೂ ಹೋಗಬೇಕಾಗುತ್ತದೆ. ಕಾದಂಬರಿಯನ್ನು ಇನ್ನೂ ಓದದವರು ಇಲ್ಲಿಯೇ ನಿಲ್ಲಬಹುದು.

ನೆಟ್ಟವರು

ಬೆನೆ ಜೆಸೆರಿಟ್ ಎಂಬುದು ಹೆಂಗಸರ ಒಂದು ಸಂಘ. ಮನಸ್ಸು, ನರ, ದನಿಗಳನ್ನು ಪಳಗಿಸಿಕೊಂಡವರು. ರಾಜಮನೆತನಗಳಿಗೆ ಹೆಂಡತಿಯರನ್ನೂ ಸಲಹೆಗಾರ್ತಿಯರನ್ನೂ ಒದಗಿಸುತ್ತಾ ತೆರೆಯ ಹಿಂದೆ ಆಟವಾಡುವವರು. ಇವರಿಗೆ ಎರಡು ದೀರ್ಘ ಯೋಜನೆಗಳಿವೆ. ಒಂದು, 90 ತಲೆಮಾರುಗಳಿಂದ ರಕ್ತಸಂಬಂಧಗಳನ್ನು ಬೆಸೆಯುತ್ತಾ ಕ್ವಿಸಾಟ್ಜ್ ಹಾಡೆರಾಖ್ ಎಂಬ ದಿವ್ಯಶಕ್ತಿಯ ಗಂಡಸನ್ನು ಹುಟ್ಟಿಸುವುದು. ಇನ್ನೊಂದು, ಮಿಷನೇರಿಯಾ ಪ್ರೊಟೆಕ್ಟಿವಾ. ಹಿಂದುಳಿದ ಗ್ರಹಗಳಿಗೆ ಸಂಘದ ಸೋದರಿಯರು ಮುಂಚೆಯೇ ಹೋಗಿ ಅಲ್ಲಿನ ಜನರಲ್ಲಿ ಕೆಲವು ನಂಬಿಕೆಗಳನ್ನು ಬಿತ್ತಿ ಬರುತ್ತಾರೆ. ಮುಂದೆಂದಾದರೂ ಸಂಘದವಳೊಬ್ಬಳು ಆ ಗ್ರಹದಲ್ಲಿ ಆಪತ್ತಿಗೆ ಸಿಲುಕಿದರೆ, ತನ್ನಂಥವರ ಕಾಪಿಗೆಂದೇ ಬಿತ್ತಿದ ಆ ಕಾಪುಕಥೆಯ ಸರಿಯಾದ ಸಾಲನ್ನು ಉಚ್ಚರಿಸಿ ದೇವತೆಯಾಗಿಬಿಡಬಹುದು. ಕಾದಂಬರಿಯ ಕೊನೆಯ ಪದಕೋಶ ಇದನ್ನು ವಿವರಿಸುವಾಗ ಈ ನಂಬಿಕೆಗಳು ಸೋಂಕಿನಂತೆ ಹರಡುವಂಥವು ಎನ್ನುತ್ತದೆ, ಆ ಪ್ರದೇಶಗಳನ್ನು ಸಂಘದ ಬಳಕೆಗೆ ತೆರೆದಿಡುವುದೇ ಉದ್ದೇಶ ಎಂದೂ ಸೇರಿಸುತ್ತದೆ. ಧರ್ಮವನ್ನು ವಿಮೆಯ ಕಂತಿನಂತೆ ಕಟ್ಟಿಡುವ ಈ ಕಲ್ಪನೆಯಷ್ಟು ತಣ್ಣಗಿನ ಕ್ರೌರ್ಯ ಆ ಪುಸ್ತಕದ ಖಳರಾದ ಹಾರ್ಕೊನೆನ್ನರಲ್ಲೂ ನನಗೆ ಕಂಡಿಲ್ಲ.

ಅರಾಕಿಸ್‌ನಲ್ಲಿ ನೆಟ್ಟ ಕಥೆ ಇಷ್ಟು: ಹೊರಲೋಕದಿಂದ ಒಬ್ಬ ತಾಯಿ ಬರುತ್ತಾಳೆ, ಆಕೆ ಸಂಘದವಳು, ಅವಳ ಮಗ ನಿಮ್ಮನ್ನು ಸ್ವರ್ಗಕ್ಕೆ ನಡೆಸುತ್ತಾನೆ, ನಿಮ್ಮ ರೀತಿರಿವಾಜುಗಳನ್ನು ಅಲ್ಲೇ ಹುಟ್ಟಿದವನಂತೆ ಬಲ್ಲವನಾಗಿರುತ್ತಾನೆ. ಮರುಭೂಮಿಯ ಫ್ರೆಮನ್ನರು ಅವನನ್ನು ಲಿಸಾನ್ ಅಲ್-ಗೈಬ್ ಎಂದರು, ಅಂದರೆ ಹೊರಲೋಕದ ದನಿ; ಮಹ್ದಿ ಎಂದರು, ಅಂದರೆ ಸ್ವರ್ಗಕ್ಕೆ ನಡೆಸುವವನು. ಹರ್ಬರ್ಟ್ ಅರಬ್ಬಿ ಮೂಲದ ಪದಗಳನ್ನು ಬೇಕೆಂದೇ ತಂದಿದ್ದಾನೆ. ಮಹ್ದಿ ಎಂಬ ಪದದ ಭಾರ ಇತಿಹಾಸ ಬಲ್ಲವರಿಗೆ ಗೊತ್ತು. ಸುಡಾನಿನಲ್ಲಿ 1881ರಲ್ಲಿ ಮುಹಮ್ಮದ್ ಅಹ್ಮದ್ ತಾನೇ ಮಹ್ದಿ ಎಂದು ಸಾರಿದ, 1885ರಲ್ಲಿ ಅವನ ಪಡೆ ಬ್ರಿಟಿಷ್ ಸೇನಾಧಿಕಾರಿ ಗಾರ್ಡನ್ ಕಾಯುತ್ತಿದ್ದ ಖಾರ್ಟೂಮ್ ನಗರವನ್ನು ಹಿಡಿಯಿತು.

ಕಥೆಯ ಜಾಣತನ ಇರುವುದು ಅದರ ಸಡಿಲಿನಲ್ಲಿ. ಇಷ್ಟು ಅಗಲದ ಅಂಗಿ ಯಾರಿಗಾದರೂ ಹಿಡಿಸುತ್ತದೆ. ನಮ್ಮ ಮೈಲಾರದ ಕಾರ್ಣಿಕವನ್ನು ಕಂಡವರಿಗೆ ಇದರ ಒಂದು ಮುಖ ಹೊಸದಲ್ಲ. ಗೊರವಯ್ಯ ಬಿಲ್ಲೇರಿ, ‘ಸದ್ದಲೇ’ ಎಂದು ಲಕ್ಷಾಂತರ ಜನರನ್ನು ಸುಮ್ಮನಾಗಿಸಿ, ಒಂದೇ ಒಂದು ಸಾಲು ನುಡಿದು ಕೆಳಕ್ಕೆ ಧುಮುಕುತ್ತಾನೆ. ಅದು ಮಳೆಯ ಮಾತೋ, ಬೆಳೆಯ ಮಾತೋ, ಕುರ್ಚಿಯ ಮಾತೋ ಎಂದು ವರ್ಷವಿಡೀ ಬಿಡಿಸುವ ಕೆಲಸ ಕೇಳಿದವರದು. ಕಾರ್ಣಿಕ ಯಾರಿಗೂ ಮೀಸಲಲ್ಲ. ರೈತನಿಗೊಂದು ಅರ್ಥ, ರಾಜಕಾರಣಿಗೊಂದು ಅರ್ಥ. ಅರಾಕಿಸ್‌ನ ಕಥೆಗೂ ಹೀಗೆ ತೆರಪು ಇದೆ, ಆದರೆ ತೆರಪಿನಲ್ಲಿ ಏನನ್ನು ತುಂಬಬೇಕೆಂಬ ಉತ್ತರಪತ್ರಿಕೆ ಇನ್ನೊಂದು ಗ್ರಹದ ಶಾಲೆಯಲ್ಲಿದೆ. ಜೆಸಿಕಾ ಅದನ್ನು ಅಲ್ಲಿ ಕಲಿತು ಬಂದವಳು.

ಕಲಿತು ಬಂದವಳೂ ಮೊದಲ ಪರೀಕ್ಷೆಯಲ್ಲಿ ಗೆದ್ದದ್ದು ಆಕಸ್ಮಿಕದಿಂದ ಎಂಬುದನ್ನು ಮರೆಯಬಾರದು. ಉತ್ತರಪತ್ರಿಕೆ ಅವಳ ತಲೆಯಲ್ಲಿತ್ತು, ಆದರೆ ‘ಮೇಕರ್’ ಅದರಲ್ಲಿ ಇರಲಿಲ್ಲ. ಎಂದೋ ಬಂದು, ಕಥೆ ನೆಟ್ಟು, ಶತಮಾನಗಳ ಹಿಂದೆಯೇ ಸತ್ತುಹೋಗಿರಬೇಕಾದ ಆ ಅನಾಮಿಕ ಸೋದರಿಯನ್ನು ಜೆಸಿಕಾ ನೆನೆಯುತ್ತಾಳೆ. ಅವಳು ನೆಟ್ಟ ಗಿಡಕ್ಕೆ ಆ ನೆಲದ ಹುಳು, ಆ ನೆಲದ ಕತ್ತಿ, ಆ ನೆಲದ ಬಾಯಾರಿಕೆ ಗೊಬ್ಬರವಾಗಿದ್ದವು. ಬೀಜ ಸಂಘದ್ದು, ಬೆಳೆ ಫ್ರೆಮನ್ನರದು. ಮೇಪ್ಸ್ ಕೇಳಿಸಿಕೊಂಡದ್ದು ಜೆಸಿಕಾ ಹೇಳಹೊರಟ ಮಾತನ್ನಲ್ಲ. ತಾನು ಕೇಳಲು ಕಾದಿದ್ದ ಮಾತನ್ನು.

ಕೇಳಿದವರು

ಇದೇ ಮಾದರಿ ಮತ್ತೆ ಮತ್ತೆ ಬರುತ್ತದೆ. ಗ್ರಹದ ಪರಿಸರತಜ್ಞ ಲಿಯೆಟ್ ಕೈನ್ಸ್ ಡ್ಯೂಕನ ಮಗ ಪಾಲ್‌ನನ್ನು ಮೊದಲ ಸಲ ಕಾಣುವಾಗ ಅವನಿಗೆ ಹದಿನೈದು ವರ್ಷ. ಬೆವರನ್ನು ಹಿಡಿದು ಮತ್ತೆ ನೀರಾಗಿಸುವ ಮರುಭೂಮಿಯ ಉಡುಪನ್ನು ಹುಡುಗ ಎಂದೂ ತೊಟ್ಟವನಲ್ಲ. ಆದರೆ ಪಟ್ಟಿಗಳನ್ನು ಸರಿಯಾಗಿ ಬಿಗಿದುಕೊಂಡಿದ್ದಾನೆ, ಬೂಟುಗಳನ್ನು ಕಣಕಾಲಿನಲ್ಲಿ ಮರುಭೂಮಿಯವರ ಹಾಗೆಯೇ ಸಡಿಲ ಬಿಟ್ಟಿದ್ದಾನೆ. ಯಾರು ಹೇಳಿಕೊಟ್ಟರು ಎಂದರೆ, ಹೀಗೆ ಮಾಡುವುದೇ ಸರಿ ಅನ್ನಿಸಿತು ಎನ್ನುತ್ತಾನೆ. ಬುದ್ಧಿವಂತ ಹುಡುಗನೊಬ್ಬ ಯೋಚಿಸಿ ಬೂಟು ಹಾಕಿಕೊಂಡ, ಅಷ್ಟೆ. ವಿಜ್ಞಾನಿಯಾದ ಕೈನ್ಸ್‌ನ ಬೆನ್ನಿನಲ್ಲೂ ಅದು ನಡುಕ ಹುಟ್ಟಿಸುತ್ತದೆ. ಅವನೂ ಆ ಕಥೆ ಕೇಳಿಯೇ ಬೆಳೆದವನು.

ಕೈನ್ಸ್‌ನ ತಂದೆ ಪಾರ್ಡಟ್ ಕೈನ್ಸ್‌ನ ಕಥೆ ಕಾದಂಬರಿಯ ಒಂದು ಅನುಬಂಧದಲ್ಲಿದೆ. ಇಡೀ ಪ್ರಕರಣದ ಬೀಗದಕೈ ಅಲ್ಲಿದೆ ಎಂದು ನನ್ನ ಎಣಿಕೆ. ಅನುಬಂಧವೆಂದು ಹಲವರು ಪುಟ ಮಗುಚಿಬಿಡುತ್ತಾರೆ. ಚಕ್ರವರ್ತಿಯ ಕಡೆಯಿಂದ ಬಂದ ಈ ಮೊದಲ ಪರಿಸರತಜ್ಞ, ಹಾರ್ಕೊನೆನ್ ಭಟರಿಂದ ಮೂವರು ಫ್ರೆಮನ್ ಹುಡುಗರನ್ನು ಉಳಿಸಿ, ಅವರ ಗುಹೆಗೆ ಹೋಗಿ, ಮರುಭೂಮಿಯನ್ನು ಹಸಿರು ಮಾಡಬಹುದೆಂದು ಉಪನ್ಯಾಸ ಶುರುಮಾಡುತ್ತಾನೆ. ಇವನು ಅತಿಯಾಗಿ ತಿಳಿದುಕೊಂಡನೆಂದು ಹಿರಿಯರು ಯೂಲಿಯೆಟ್ ಎಂಬವನನ್ನು ಕೊಲ್ಲಲು ಕಳಿಸುತ್ತಾರೆ. ಕತ್ತಿ ಹಿಡಿದು ಎದುರು ನಿಂತವನಿಗೆ ಪಾರ್ಡಟ್, ದಾರಿಗಡ್ಡ ನಿಂತವರಿಗೆ ಹೇಳುವಂತೆ, ಅತ್ತ ಸರಿದುಕೋ ಎಂದು ಹೇಳಿ ಮಾತು ಮುಂದುವರಿಸುತ್ತಾನೆ. ಯೂಲಿಯೆಟ್ ಮೂರು ಹೆಜ್ಜೆ ನಡೆದು ತನ್ನ ಕತ್ತಿಯ ಮೇಲೆ ತಾನೇ ಬೀಳುತ್ತಾನೆ. ಅತ್ತ ಸರಿದುಕೊಂಡನು! ಅಂದಿನಿಂದ ಪಾರ್ಡಟ್ ಬೆರಳು ತೋರಿದ ಕಡೆ ಇಡೀ ಬುಡಕಟ್ಟುಗಳು ನಡೆದವು.

ಪಾರ್ಡಟ್ ಯಾವ ಸಂಘದವನೂ ಅಲ್ಲ, ಯಾವ ಕಾಪುಕಥೆಯನ್ನೂ ಬಳಸಲಿಲ್ಲ. ತಾನು ಪ್ರವಾದಿಯಾದದ್ದು ಅವನಿಗೆ ಸರಿಯಾಗಿ ತಿಳಿಯಿತೋ ಇಲ್ಲವೋ. ಗಾಳಿಗೂಡುಗಳಿಂದ ಇಬ್ಬನಿ ಹಿಡಿಯುವುದು, ಹುಲ್ಲು ನೆಟ್ಟು ಮರಳುಗುಡ್ಡದ ಬೆನ್ನು ಕಟ್ಟುವುದು, ನೆಲದಡಿಯ ಕೊಳಗಳಲ್ಲಿ ಹನಿಹನಿ ನೀರು ಕೂಡಿಡುವುದು ಅವನ ಯೋಜನೆಯಾಗಿತ್ತು. 300ರಿಂದ 500 ವರ್ಷ ಹಿಡಿಯುತ್ತದೆ ಎಂದು ನೇರವಾಗಿ ಹೇಳಿದ. ತಮ್ಮ ಜೀವಮಾನದಲ್ಲಿ ಕಾಣದ ಮಳೆಗಾಗಿ ಆ ಜನ ದುಡಿಯತೊಡಗಿದರು. ಸಂಘ ಬಿತ್ತಿದ ಸ್ವರ್ಗ ಗಾಳಿಮಾತಾಗಿತ್ತು. ಪಾರ್ಡಟ್ ಅದಕ್ಕೆ ಲೆಕ್ಕಾಚಾರ ಕೊಟ್ಟ, ಸ್ವರ್ಗಕ್ಕೆ ಘನಮೀಟರುಗಳ ಅಳತೆ ಬಂತು. ಮಹ್ದಿ ಬರುವ ಹೊತ್ತಿಗೆ ಅವನು ನಡೆಸಬೇಕಾದ ಊರಿನ ನಕ್ಷೆ ಸಿದ್ಧವಾಗಿತ್ತು, ಹಾಗೂ ನಕ್ಷೆ ಸಂಘದವರು ಬರೆದದ್ದಾಗಿರಲಿಲ್ಲ.

ಹರ್ಬರ್ಟ್‌ಗೆ ಈ ಕಾದಂಬರಿಯ ಮೊದಲ ಎಳೆ ಸಿಕ್ಕಿದ್ದು 1957ರ ಸುಮಾರಿಗೆ ಅಮೆರಿಕದ ಆರಿಗನ್ ರಾಜ್ಯದ ಫ್ಲಾರೆನ್ಸ್ ಪಟ್ಟಣದ ಬಳಿ. ರಸ್ತೆ, ಮನೆಗಳನ್ನು ನುಂಗುತ್ತಿದ್ದ ಕಡಲತೀರದ ಮರಳುಗುಡ್ಡಗಳನ್ನು ತಡೆಯಲು ಅಲ್ಲಿ ಸರ್ಕಾರದ ತಜ್ಞರು ಹುಲ್ಲು ನೆಡುತ್ತಿದ್ದರು. ಅದರ ಬಗ್ಗೆ ಪತ್ರಿಕೆಗೊಂದು ಲೇಖನ ಬರೆಯಲು ಹೋದವನು ಲೇಖನ ಬಿಟ್ಟು ಗ್ರಹವೊಂದನ್ನೇ ಕಟ್ಟಿದ. ಅಲ್ಲಿ ನೆಟ್ಟ ಯುರೋಪಿನ ಕಡಲಹುಲ್ಲು ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿತೆಂದರೆ, ಆ ಬಯಲು ಮರಳಿನ ಸ್ಥಳೀಯ ಗಿಡ, ಹಕ್ಕಿಗಳ ಜಾಗವನ್ನು ಅದೇ ಆಕ್ರಮಿಸಿಕೊಂಡಿತು. ಈಗ ಅದನ್ನು ಕಿತ್ತು ಹಾಕುವುದೇ ಅಲ್ಲಿನವರಿಗೆ ಕೆಲಸ.

ಗುಹೆಯ ರಾತ್ರಿ

ಹಾರ್ಕೊನೆನ್ನರ ದಾಳಿಯಲ್ಲಿ ಡ್ಯೂಕ್ ಸಾಯುತ್ತಾನೆ. ಜೆಸಿಕಾ, ಪಾಲ್ ಮರುಭೂಮಿಗೆ ಓಡಿ ಸ್ಟಿಲ್ಗರ್ ಎಂಬ ಮುಖಂಡನ ತಂಡದ ಕೈಗೆ ಸಿಗುತ್ತಾರೆ. ಅವರ ಮೈಯಲ್ಲಿರುವ ನೀರು ಮಾತ್ರ ಆ ತಂಡಕ್ಕೆ ಬೆಲೆಬಾಳುವಂಥದ್ದು. ಇಲ್ಲಿ ಜೆಸಿಕಾ ಕಾಪುಕಥೆಯನ್ನು ತಿಳಿದೂ ತಿಳಿದೂ ಬಳಸುತ್ತಾಳೆ. ಗುಹೆಯಲ್ಲಿ ನೆರೆದವರ ಎದುರು ಹಳೆಯ ಸೂತ್ರಗಳನ್ನು ಸರಿಯಾದ ಧಾಟಿಯಲ್ಲಿ ಹೇಳುತ್ತಾಳೆ, ಜನ ಉಸಿರು ಬಿಗಿಹಿಡಿಯುತ್ತಾರೆ. ಅವಳ ಮೇಲೆ ತಪ್ಪು ಹೊರಿಸುವುದು ಸುಲಭ. ಬಾಣಂತಿಯಾಗಬೇಕಾದ ಹೆಂಗಸು, ಗಂಡನ ಹೆಣವೂ ಸಿಗದವಳು, ಮಗನನ್ನು ಉಳಿಸಿಕೊಳ್ಳಲು ಕೈಗೆಟುಕಿದ ಹಗ್ಗ ಹಿಡಿದಳು. ಹಗ್ಗದ ಆ ತುದಿಯಲ್ಲಿ ಏನಿದೆಯೆಂದು ನೋಡುವಷ್ಟು ವ್ಯವಧಾನ ಇರಲಿಲ್ಲ. ನನ್ನ ತಕರಾರು ಆ ರಾತ್ರಿಯ ಬಗ್ಗೆ ಅಲ್ಲ, ಅನಂತರದ ಎರಡು ವರ್ಷಗಳ ಬಗ್ಗೆ. ಆ ಅವಧಿಯಲ್ಲಿ ಅವಳು ಅವರ ಗುರುಮಾತೆಯಾಗಿ ಪೀಠವೇರಿ ಕುಳಿತಳು, ಆಗ ಯಾರೂ ಅವಳ ಕುತ್ತಿಗೆಗೆ ಕೈ ಹಾಕಿರಲಿಲ್ಲ.

ತಂಡದಲ್ಲಿ ಒಬ್ಬ ಮಾತ್ರ ಸಂಶಯ ಎತ್ತುತ್ತಾನೆ. ಅವನು ಜಾಮಿಸ್. ಮುಂಗೋಪಿ, ಅವಮಾನಕ್ಕೊಳಗಾದವನು, ಆದರೆ ಅವನು ಕೇಳಿದ್ದು ನ್ಯಾಯವಾದದ್ದೇ: ಈ ಹೆಂಗಸು ಕಥೆಯವಳೇ ಎಂಬುದಕ್ಕೆ ಪರೀಕ್ಷೆ ಆಗಲಿ. ನಿಯಮದ ಪ್ರಕಾರ ಅವಳ ಪರವಾಗಿ ಪಾಲ್ ಕಾದಬೇಕಾಗುತ್ತದೆ. ಹುಡುಗ ಅವನನ್ನು ಕೊಲ್ಲುತ್ತಾನೆ; ಕತ್ತಿಯಿಂದ ಅವನು ಮಾಡಿದ ಮೊದಲ ಕೊಲೆ ಅದು. ಶವದ ಮುಂದೆ ಮಾತನಾಡುವ ಸರದಿ ಬಂದಾಗ ಅವನ ಕಣ್ಣಲ್ಲಿ ನೀರು ಬರುತ್ತದೆ. ಸತ್ತವನಿಗಾಗಿ ಮೈಯ ನೀರನ್ನು ಕಳೆಯುವುದನ್ನು ಆ ಜನ ಕಂಡೇ ಇರಲಿಲ್ಲ. ಹದಿನೈದರ ಹುಡುಗನ ಭಯ, ಪಶ್ಚಾತ್ತಾಪ ಅವರಿಗೆ ಪವಿತ್ರ ಕಾಣಿಕೆಯಾಗಿ ಕಾಣುತ್ತದೆ. ಸಂಶಯವನ್ನು ಬಾಯಿಬಿಟ್ಟು ಕೇಳಿದ ಒಬ್ಬನೇ ಒಬ್ಬನನ್ನು ಕೊಂದ ಅಳು ಮುಂದಿನ ಪುರಾಣದ ಅಧ್ಯಾಯವಾಯಿತು.

ಇಲ್ಲಿ ಸಂಘದ ಲೆಕ್ಕ ಪೂರ್ತಿ ತಪ್ಪಿತು. ಸುಳ್ಳು ಪ್ರವಾದಿಗಾಗಿ ಹೊಲಿದಿಟ್ಟ ಅಂಗಿಯೊಳಗೆ ನಿಜವಾಗಿ ಭವಿಷ್ಯ ಕಾಣಬಲ್ಲವನು ಬಂದು ನಿಂತಿದ್ದ. ಹೆಣ್ಣುಮಗುವನ್ನು ಹೆರು ಎಂದು ಸಂಘ ಆಜ್ಞಾಪಿಸಿತ್ತು, ಡ್ಯೂಕನ ಮೇಲಿನ ಪ್ರೀತಿಗೆ ಜೆಸಿಕಾ ಗಂಡುಮಗುವನ್ನು ಹೆತ್ತಳು. 90 ತಲೆಮಾರಿನ ಫಲ ಒಂದು ತಲೆಮಾರು ಮೊದಲೇ, ಯಾರ ಹಿಡಿತಕ್ಕೂ ಸಿಗದೆ, ಉದುರಿತು. ಮರುಭೂಮಿಯ ಮಸಾಲೆ, ಅಂದರೆ ಮೆಲಾಂಜ್, ಅವನ ಕಣ್ಣು ತೆರೆಸಿತು. ತನ್ನ ಹೆಸರಿನ ಬಾವುಟ ಹಿಡಿದ ಪಡೆಗಳು ಗ್ರಹದಿಂದ ಗ್ರಹಕ್ಕೆ ಹರಿದು ಕೊಲ್ಲುವುದನ್ನು ಅವನು ಕಂಡ.

ತಪ್ಪಿಸಬಹುದಿತ್ತೇ? ಆ ಗುಹೆಯಲ್ಲಿಯೇ ಪಾಲ್ ಲೆಕ್ಕ ಹಾಕುತ್ತಾನೆ. ತಾನೊಬ್ಬ ಸತ್ತರೂ ಅದು ತಾಯಿ ಮತ್ತು ಹುಟ್ಟಲಿರುವ ತಂಗಿಯ ಮೂಲಕ ಮುಂದುವರಿಯುತ್ತದೆ. ಆ ಕ್ಷಣ ಅಲ್ಲಿರುವ ಪ್ರತಿಯೊಬ್ಬರೂ, ತಾನೂ ತಾಯಿಯೂ ಸೇರಿ, ಸತ್ತರೆ ಮಾತ್ರ ನಿಲ್ಲಬಹುದು. ಕಥೆ ಈಗ ಅದನ್ನು ಹೇಳಿದವರಲ್ಲಿ ಇಲ್ಲ, ಕೇಳಿದವರಲ್ಲಿದೆ ಎಂಬುದು ಅವನಿಗೆ ಅರ್ಥವಾಗಿರುವುದು ಈ ಒಂದು ಲೆಕ್ಕದಲ್ಲಿ. ಅವನು ಬದುಕುವುದನ್ನು ಆರಿಸಿಕೊಂಡ, ಮುಂದೆ ಬೇರೆ ದಾರಿ ಸಿಕ್ಕೀತೆಂದು ತನಗೆ ತಾನೇ ಹೇಳಿಕೊಂಡ. ಭವಿಷ್ಯ ಕಾಣುವವನೂ ನಮ್ಮ ಹಾಗೆಯೇ ನಾಳೆ ನೋಡೋಣ ಎನ್ನುತ್ತಾನೆ.

ಮುಂದಿನದು ಯುದ್ಧದ ಕಥೆ, ಬೇಗ ದಾಟಬಹುದು. ಪಾಲ್ ಮುಅದ್ದಿಬ್ ಎಂಬ ಹೆಸರು ಪಡೆದು, ಮರಳುಹುಳುವನ್ನೇರಿ, ಚಕ್ರವರ್ತಿಯ ಸೇನೆಯನ್ನು ಸೋಲಿಸಿ, ಅವನ ಮಗಳು ಇರುಲಾನ್‌ಳನ್ನು ರಾಜಕಾರಣಕ್ಕಾಗಿ ಮದುವೆಯಾಗಿ ಪೀಠವೇರಿದ. ನಾನು ಗಮನಿಸಬೇಕೆನ್ನುವುದು ಸ್ಟಿಲ್ಗರ್‌ನನ್ನು. ಆ ಗುಹೆಯಲ್ಲಿ ಅವನು ಯಾರಿಗೂ ತಲೆಬಾಗದ ಮುಖಂಡ, ಬಾಲಕನಿಗೆ ನಡೆಯುವ ರೀತಿ ಕಲಿಸಿದವನು. ಕೊನೆಗೆ ಪಾಲ್ ಅವನ ಮುಖ ನೋಡಿದಾಗ ಗೆಳೆಯ ಇರುವುದಿಲ್ಲ, ಅಲ್ಲೊಬ್ಬ ಭಕ್ತ ನಿಂತಿರುತ್ತಾನೆ. ಗೆಲುವಿನ ಅಧ್ಯಾಯಗಳಲ್ಲಿ ನನಗೆ ಅತ್ಯಂತ ದುಃಖದ ಸಾಲು ಅದು.

ಲೆಕ್ಕ

ಮೊದಲ ಕಾದಂಬರಿಯನ್ನು ಓದಿದ ಬಹಳ ಜನ ಪಾಲ್‌ನನ್ನು ಮೆಚ್ಚಿಕೊಂಡು ಪುಸ್ತಕ ಮುಚ್ಚಿದರು. ಅಂದರೆ ಓದುಗರೂ ಮೇಪ್ಸ್ ಮಾಡಿದ್ದನ್ನೇ ಮಾಡಿದರು. ತಮಗೆ ಬೇಕಾದ ಮೊದಲ ಪದ ಕೇಳಿ ಚೀರಿದರು, ‘ಸಾವಿನ’ ಎಂಬುದು ಕಿವಿಗೆ ಬೀಳಲಿಲ್ಲ. 1969ರ ಎರಡನೆಯ ಕಾದಂಬರಿಯಲ್ಲಿ ಹರ್ಬರ್ಟ್ ಆ ಪದವನ್ನು ಅಂಕಿಗಳಲ್ಲಿ ಬರೆದ. ಹನ್ನೆರಡು ವರ್ಷಗಳ ಧರ್ಮಯುದ್ಧದ ಕೊನೆಗೆ ಪಾಲ್ ತನ್ನ ಲೆಕ್ಕವನ್ನು ಸ್ಟಿಲ್ಗರ್‌ಗೆ ತಾನೇ ಒಪ್ಪಿಸುತ್ತಾನೆ: ಕಡಿಮೆಯೆಂದರೂ 6,100 ಕೋಟಿ ಜನರ ಸಾವು, 90 ಗ್ರಹಗಳು ಬರಡು, 500 ಗ್ರಹಗಳು ಧೃತಿಗೆಟ್ಟಿವೆ, 40 ಧರ್ಮಗಳ ಅನುಯಾಯಿಗಳು ಇಲ್ಲವಾಗಿದ್ದಾರೆ. ಆ ಹೊತ್ತಿಗೆ ಕಿಜಾರತ್ ಎಂಬ ಪುರೋಹಿತಶಾಹಿ ಬೆಳೆದಿದೆ. ಅದರ ಮುಖ್ಯಸ್ಥ ಕೋರ್ಬಾ, ಒಂದು ಕಾಲದ ಕಾಳಗದ ಒಡನಾಡಿ, ಪಾಲ್ ವಿರುದ್ಧವೇ ಸಂಚಿನಲ್ಲಿ ಸೇರಿದ್ದಾನೆ. ಪುರೋಹಿತರಿಗೆ ಬದುಕಿರುವ ದೇವರಿಗಿಂತ ಹುತಾತ್ಮನಾದ ದೇವರು ಅನುಕೂಲ. ಅವನು ಎದ್ದು ಬಂದು ತಿದ್ದುವುದಿಲ್ಲ.

2024ರಲ್ಲಿ ಬಂದ ಡೆನಿ ವಿಲ್‌ನೋವ್ ನಿರ್ದೇಶನದ ‘ಡ್ಯೂನ್’ ಚಲನಚಿತ್ರದ ಎರಡನೆಯ ಭಾಗ ಈ ಗೊಂದಲ ಬೇಡವೆಂದು ಪಾಲ್‌ನ ಪ್ರೇಯಸಿ ಚಾನಿಯನ್ನೇ ಸಂಶಯವಾದಿಯಾಗಿ ಮಾಡಿತು. ಪುಸ್ತಕದ ಚಾನಿ ಕೊನೆಯವರೆಗೂ ಅವನ ಜೊತೆಗಿರುತ್ತಾಳೆ. ಚಿತ್ರದವಳು ಎಲ್ಲರೂ ಮಂಡಿಯೂರಿದಾಗ ಬೆನ್ನು ತಿರುಗಿಸಿ ಮರಳಿಗೆ ನಡೆದುಹೋಗುತ್ತಾಳೆ. ನೋಡುಗರಿಗೆ ದಾರಿ ತೋರಿಸಲು ಇದು ಒಳ್ಳೆಯ ಉಪಾಯ. ಆದರೂ ಪುಸ್ತಕದ ರೀತಿಯೇ ನನಗೆ ಹೆಚ್ಚು ಕಟುವಾಗಿ ಕಾಣುತ್ತದೆ. ಜಾಮಿಸ್ ಸತ್ತ ಮೇಲೆ ಆ ಜನರ ನಡುವೆ ಸಂಶಯಕ್ಕೆ ಹೆಸರಿಲ್ಲ, ಮುಖವಿಲ್ಲ. ಓದುಗನೇ ಅದನ್ನು ಒಬ್ಬಂಟಿಯಾಗಿ ಹೊರಬೇಕು.

ಪಾಲ್ ತಪ್ಪಿಸಿಕೊಳ್ಳಲು ಒಂದು ಪ್ರಯತ್ನ ಮಾಡುತ್ತಾನೆ. ಸ್ಫೋಟವೊಂದರಲ್ಲಿ ಕಣ್ಣು ಹೋದ ಮೇಲೆ, ಚಾನಿ ಹೆರಿಗೆಯಲ್ಲಿ ತೀರಿಕೊಂಡ ಮೇಲೆ, ಕುರುಡರನ್ನು ಮರುಭೂಮಿಗೆ ಬಿಡುವ ಫ್ರೆಮನ್ ಕಟ್ಟಳೆಗೆ ತಲೆಬಾಗಿ ಒಬ್ಬನೇ ಮರಳಿಗೆ ನಡೆದುಬಿಡುತ್ತಾನೆ. ದೇವರಾಗಿ ಇರಲು ಒಲ್ಲದವನ ನಡಿಗೆ ಅದು. ಜನ ಅದನ್ನು ಓದಿದ್ದು ಬೇರೆ ರೀತಿ: ಚಕ್ರವರ್ತಿಯಾಗಿಯೂ ನಮ್ಮ ಕಟ್ಟಳೆ ಮೀರಲಿಲ್ಲ, ನಿಜಕ್ಕೂ ನಮ್ಮವನು. ಅವನ ಮಕ್ಕಳ ಪೀಠ ಇನ್ನಷ್ಟು ಭದ್ರವಾಯಿತು.

ಒಂಬತ್ತು ವರ್ಷಗಳ ನಂತರ ಅರಾಕೀನ್ ನಗರಕ್ಕೆ ಕುರುಡ ಬೋಧಕನೊಬ್ಬ ಬರುತ್ತಾನೆ. ಅವನ ಕೈಹಿಡಿದು ನಡೆಸುವವನು ಒಬ್ಬ ಹುಡುಗ. ಮುಅದ್ದಿಬ್‌ನ ತಂಗಿಯ ಗುಡಿಯ ಎದುರೇ ನಿಂತು ಮುಅದ್ದಿಬ್‌ನ ಧರ್ಮವನ್ನು ಹೀಯಾಳಿಸುತ್ತಾನೆ. ಜನ ಚದುರುವುದಿಲ್ಲ, ಇನ್ನೂ ಒತ್ತಿಕೊಂಡು ಹತ್ತಿರ ಬರುತ್ತಾರೆ, ಇವನು ಆ ಮುಅದ್ದಿಬ್ ತಾನೇ ಇರಬಹುದೇ ಎಂದು ಪಿಸುಗುಟ್ಟುತ್ತಾರೆ. ಕೊನೆಗೊಂದು ದಿನ ಆ ಗುಂಪಿನ ನಡುವೆಯೇ ಅವನನ್ನು ಇರಿದವನು ಅದೇ ಗುಡಿಯ ಪೂಜಾರಿ.